ಬಿಸಿಯಾದ ಮೇಲೆ ಇದ್ದಕ್ಕಿದ್ದಂತೆ ಆರಿಹೋಗುವ ಹಳೆಯ ಅಂಬಾಸಿಡರ್: ಕರೆಂಟಿನ ದೋಷವೋ, ಪೆಟ್ರೋಲಿನ ದೋಷವೋ?

ಅಂಬಿ_ಹಾಸನ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1988ರ ಅಂಬಾಸಿಡರ್ ಮಾರ್ಕ್ 4 ಇದೆ. 1489 ಸಿಸಿಯ ಪೆಟ್ರೋಲ್ ಎಂಜಿನ್, ಪಾಯಿಂಟ್ (ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಸ್ವಿಚ್ಚು) ಮತ್ತು ಕಂಡೆನ್ಸರ್ ಇರುವ, ಪ್ಲಗ್ಗುಗಳಿಗೆ ಕಿಡಿ ಹಂಚುವ ಹಳೆಯ ಡಿಸ್ಟ್ರಿಬ್ಯೂಟರ್, ಎಂಜಿನ್ನಿಗೇ ಅಂಟಿಕೊಂಡಿರುವ ಎಸಿ ಪಂಪ್ (ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪು). ಯಾವುದನ್ನೂ ಮಾರ್ಪಾಡು ಮಾಡಿಸಿಲ್ಲ. ಬೆಳಿಗ್ಗೆ ಒಂದೇ ಸೆಲ್ಫಿಗೆ ಚಾಲೂ ಆಗುತ್ತದೆ, ಊರೊಳಗೆ ಯಾವ ತಕರಾರೂ ಇಲ್ಲ. ಆದರೆ ಸಕಲೇಶಪುರದ ಕಡೆಗೆ ಹೊರಟು ಅರ್ಧ ಮುಕ್ಕಾಲು ಗಂಟೆ ಓಡಿದ ಮೇಲೆ, ಮುನ್ಸೂಚನೆಯೇ ಇಲ್ಲದೆ ಎಂಜಿನ್ ಆರಿಹೋಗುತ್ತದೆ. ಬದಿಗೆ ನಿಲ್ಲಿಸಿ ಬಾನೆಟ್ ಎತ್ತಿ ಸ್ವಲ್ಪ ಹೊತ್ತು ಕಾದರೆ ಮತ್ತೆ ಏನೂ ಆಗದಂತೆ ಚಾಲೂ ಆಗುತ್ತದೆ. ಕೆಲವು ಸಲ ನಾಲ್ಕು ದಿನ ಸುಮ್ಮನಿರುತ್ತದೆ, ಕೆಲವು ಸಲ ಒಂದೇ ದಾರಿಯಲ್ಲಿ ಎರಡೆರಡು ಬಾರಿ ಕೈಕೊಡುತ್ತದೆ.

ಗ್ಯಾರೇಜಿನಲ್ಲಿ ಈವರೆಗೆ ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಸುರುಳಿ), ಪ್ಲಗ್, ಪಾಯಿಂಟ್ ಸೆಟ್, ಕಂಡೆನ್ಸರ್ ಬದಲಾಗಿವೆ. ಕಾರ್ಬ್ಯುರೇಟರನ್ನು ಬಿಚ್ಚಿ ತೊಳೆದಿದ್ದಾರೆ. ಈಗ ಎಸಿ ಪಂಪ್ ಬದಲಿಸೋಣ ಎನ್ನುತ್ತಿದ್ದಾರೆ. ಪಕ್ಕದ ಮನೆಯವರು ಇದೆಲ್ಲ ಇಥನಾಲ್ ಬೆರೆಸಿದ ಪೆಟ್ರೋಲಿನ ಮಹಿಮೆ ಎನ್ನುತ್ತಾರೆ. ಇನ್ನೂ ಹಣ ಸುರಿಯುವ ಮುನ್ನ ಇಲ್ಲಿರುವ ಅನುಭವಿಗಳ ಅಭಿಪ್ರಾಯ ಕೇಳೋಣವೆಂದು ಬರೆಯುತ್ತಿದ್ದೇನೆ.

ಕರಾವಳಿಗ
ಇದು ಏರ್ ಲಾಕ್, ಅಂದರೆ ಬಿಸಿಗೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ದಾರಿ ಕಟ್ಟಿಕೊಳ್ಳುವುದು, ಅನುಮಾನವೇ ಬೇಡ. ಪಂಪಿನ ಮೇಲೆ ಒದ್ದೆ ಬಟ್ಟೆ ಹೊದಿಸಿ, ಐದು ನಿಮಿಷದಲ್ಲಿ ಹೊರಡುತ್ತದೆ. ನಮ್ಮ ಕಡೆಯ ಟ್ಯಾಕ್ಸಿಯವರೆಲ್ಲ ಶಿರಾಡಿ ಘಟ್ಟ ಹತ್ತುವಾಗ ಸೀಟಿನ ಕೆಳಗೆ ಗೋಣಿಚೀಲ ಮತ್ತು ನೀರಿನ ಕ್ಯಾನು ಇಟ್ಟುಕೊಂಡೇ ಇರುತ್ತಿದ್ದರು.

ಗ್ರೀಸುಕೈ
ಕರಾವಳಿಗ ಅವರೇ, ಒದ್ದೆ ಬಟ್ಟೆ ಹೊದಿಸಿದ ಐದು ನಿಮಿಷದಲ್ಲಿ ಕಾಯಿಲೂ ತಣ್ಣಗಾಗುತ್ತದೆ, ಡಿಸ್ಟ್ರಿಬ್ಯೂಟರೂ ತಣ್ಣಗಾಗುತ್ತದೆ. ಬಟ್ಟೆಯಿಂದ ವಾಸಿಯಾಯಿತೋ ಕಾಲದಿಂದ ವಾಸಿಯಾಯಿತೋ ಎಂದು ಹೇಗೆ ತಿಳಿಯುವುದು?

ಅಂಬಿ_ಹಾಸನ ಅವರು ಮೊದಲು ಒಂದು ಪ್ರಶ್ನೆಗೆ ಉತ್ತರಿಸಲಿ. ಎಂಜಿನ್ ಆರುವಾಗ ಹೇಗೆ ಆರುತ್ತದೆ? ಕೀಲಿ ತಿರುಗಿಸಿ ಬಂದ್ ಮಾಡಿದಂತೆ ಒಂದೇ ಏಟಿಗೆ ಸುಮ್ಮನಾಗುತ್ತದೆಯೋ, ಅಥವಾ ಮೊದಲು ಎಳೆತ ಕಡಿಮೆಯಾಗಿ, ತಡವರಿಸಿ, ಕೆಮ್ಮಿ, ಆಮೇಲೆ ನಿಲ್ಲುತ್ತದೆಯೋ? ಪೆಟ್ರೋಲ್ ಬರುವುದು ನಿಂತರೂ ಕಾರ್ಬ್ಯುರೇಟರಿನ ಫ್ಲೋಟ್ ಛೇಂಬರಿನಲ್ಲಿ ಒಂದಿಷ್ಟು ಉಳಿದಿರುತ್ತದೆ. ಅದು ಖಾಲಿಯಾಗುವವರೆಗೆ ಎಂಜಿನ್ ಜೀವ ಹಿಡಿದುಕೊಂಡಿದ್ದು, ಮಿಶ್ರಣ ತೆಳುವಾಗುತ್ತಾ ಹೋದಂತೆ ಮುಗ್ಗರಿಸುತ್ತದೆ. ಕರೆಂಟ್ ತಪ್ಪಿದರೆ ಹೀಗಾಗುವುದಿಲ್ಲ. ನಾಲ್ಕೂ ಸಿಲಿಂಡರು ಒಟ್ಟಿಗೇ ಸಾಯುತ್ತವೆ. ನೂರಕ್ಕೆ ನೂರು ಇದೇ ನಿಯಮ ಎನ್ನಲಾರೆ, ಆದರೆ ಎಲ್ಲಿಂದ ಹುಡುಕಾಟ ಆರಂಭಿಸಬೇಕು ಎಂಬುದನ್ನು ಇದು ತಿಳಿಸುತ್ತದೆ.

ಇನ್ನೊಂದು ಮಾತು. ಇಂಥ ದೋಷ ಗ್ಯಾರೇಜಿನಲ್ಲಿ ಸಿಗುವುದಿಲ್ಲ, ಏಕೆಂದರೆ ಗಾಡಿ ಅಲ್ಲಿಗೆ ತಲುಪುವಷ್ಟರಲ್ಲಿ ದೋಷ ಇರುವುದೇ ಇಲ್ಲ. ಅದು ಸಿಗುವುದು ಎಂಜಿನ್ ಆರಿದ ಮೊದಲ ಒಂದೆರಡು ನಿಮಿಷದಲ್ಲಿ, ರಸ್ತೆಬದಿಯಲ್ಲಿ ಮಾತ್ರ. ಆ ಹೊತ್ತಿನಲ್ಲಿ ಕಿಡಿ ಇದೆಯೇ, ಪೆಟ್ರೋಲ್ ಇದೆಯೇ ಎಂದು ನೋಡದೆ ಬದಲಿಸಿದ ಪ್ರತಿಯೊಂದು ಬಿಡಿಭಾಗವೂ ಲಾಟರಿ ಟಿಕೆಟ್ ಅಷ್ಟೇ.

ತುಕ್ಕು
ಟ್ಯಾಂಕಿನ ಮುಚ್ಚಳ ತೆಗೆದು ನೋಡಿದ್ದೀರಾ?

ತುಕ್ಕು
ಮೇಲಿನದು ತೀರಾ ಚಿಕ್ಕದಾಯಿತು, ವಿವರಿಸುತ್ತೇನೆ. ಪೆಟ್ರೋಲ್ ಖರ್ಚಾದಂತೆ ಟ್ಯಾಂಕಿನೊಳಗೆ ಗಾಳಿ ಹೋಗಬೇಕು. ಗಾಳಿಯ ದಾರಿ ಕಟ್ಟಿಕೊಂಡಿದ್ದರೆ ಒಳಗೆ ನಿರ್ವಾತ ಉಂಟಾಗಿ ಪಂಪಿಗೆ ಎಳೆಯಲು ಆಗುವುದಿಲ್ಲ; ಗಾಡಿ ನಿಂತ ಮೇಲೆ ನಿಧಾನವಾಗಿ ಗಾಳಿ ಸೋರಿಕೊಂಡು ಸರಿಹೋಗುತ್ತದೆ. ಆರಿದ ಕೂಡಲೇ ಮುಚ್ಚಳ ತೆಗೆದಾಗ ‘ಹುಸ್’ ಎಂದು ಗಾಳಿ ಒಳಗೆ ನುಗ್ಗಿದರೆ ರೋಗ ಅದೇ. ಹಳೆಯ ಟ್ಯಾಂಕಿನಲ್ಲಿ ತುಕ್ಕಿನ ಚಕ್ಕೆ ಹೀರುವ ಪೈಪಿನ ಬಾಯಿಗೆ ಅಂಟಿಕೊಂಡು, ಎಂಜಿನ್ ನಿಂತ ಮೇಲೆ ತಾನೇ ಕೆಳಗೆ ಬೀಳುವುದೂ ಉಂಟು. ಅದಕ್ಕೂ ಲಕ್ಷಣಗಳು ಇವೇ.

ಅಂಬಿ_ಹಾಸನ
ಇಷ್ಟು ಬೇಗ ಉತ್ತರಿಸಿದ್ದಕ್ಕೆ ಧನ್ಯವಾದಗಳು. ಗ್ರೀಸುಕೈ ಅವರ ಪ್ರಶ್ನೆಗೆ ಉತ್ತರ: ಒಂದೇ ಏಟಿಗೆ ಆರುತ್ತದೆ, ತಡವರಿಸುವುದಿಲ್ಲ. ಹೆಡ್‌ಲೈಟ್, ಹಾರ್ನ್ ಎಲ್ಲ ಕೆಲಸ ಮಾಡುತ್ತಿರುತ್ತವೆ. ಮುಚ್ಚಳ ತೆಗೆದು ನೋಡಿದ್ದೇನೆ, ಯಾವ ಸದ್ದೂ ಬರಲಿಲ್ಲ. ನನ್ನ ಪತ್ನಿ ಗಮನಿಸಿದ ಒಂದು ಸಂಗತಿ ಇದೆ, ಅದು ಮುಖ್ಯವೋ ಅಲ್ಲವೋ ನೀವೇ ಹೇಳಿ. ಏರು ಹತ್ತುವಾಗ ಎಂದೂ ಆರಿಲ್ಲ. ಏರು ಮುಗಿದು ಆಕ್ಸಿಲರೇಟರಿನಿಂದ ಕಾಲು ತೆಗೆದಾಗ, ಅಥವಾ ರಸ್ತೆ ಉಬ್ಬಿನ ಮುಂದೆ ನಿಧಾನಿಸಿ ಮತ್ತೆ ಒತ್ತಲು ಹೊರಟಾಗ ಹೆಚ್ಚಾಗಿ ಆರುತ್ತದೆ.

ಬೆಂಗಳೂರು_ದಕ್ಷಿಣ
ಪಕ್ಕದ ಮನೆಯವರು ಹೇಳಿದ್ದರಲ್ಲಿ ತಪ್ಪೇನಿದೆ? 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆದ ಭಾರತ ಇಂಧನ ಸಪ್ತಾಹದಲ್ಲಿ ಶೇ. 20 ಇಥನಾಲ್ ಇರುವ ಪೆಟ್ರೋಲನ್ನು ಬಿಡುಗಡೆ ಮಾಡಿದರು. 1988ರ ಗಾಡಿಯ ರಬ್ಬರ್ ಪೈಪು, ಪಂಪಿನ ಡಯಾಫ್ರಂ ಇದಕ್ಕಾಗಿ ಮಾಡಿದವಲ್ಲ. ಹಾಸನ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ, ಅಲ್ಲಿ ಪೆಟ್ರೋಲ್ ಇನ್ನೂ ಬೇಗ ಕುದಿಯುತ್ತದೆ. ಇಷ್ಟು ಕಾರಣ ಕಣ್ಣೆದುರಿಗೇ ಇರುವಾಗ ಡಿಸ್ಟ್ರಿಬ್ಯೂಟರನ್ನು ಏಕೆ ಕೆದಕಬೇಕು?

ಗ್ರೀಸುಕೈ
ಕಾರಣ ಇರಬಹುದಾದದ್ದು ಬೇರೆ, ಇರುವುದು ಬೇರೆ. ಪೆಟ್ರೋಲಿಗೆ ಇಥನಾಲ್ ಬೆರೆಸಿದರೆ ಆವಿಯ ಒತ್ತಡ ಏರುತ್ತದೆ ಎಂಬುದು ನಿಜ. ಆದರೆ ಆ ಏರಿಕೆ ಹೆಚ್ಚಾಗಿ ಕಾಣುವುದು ಶೇ. 10ರ ಆಸುಪಾಸಿನಲ್ಲಿ, ಶೇ. 20ಕ್ಕೆ ಹೋದಾಗ ಅದು ಇನ್ನಷ್ಟು ಏರುವ ಬದಲು ತುಸು ಇಳಿಯುತ್ತದೆ. ಆದ್ದರಿಂದ ಏರ್ ಲಾಕಿನ ಮಟ್ಟಿಗೆ ಶೇ. 20ರದ್ದು ಹೊಸ ಭೂತವೇನಲ್ಲ. ರಬ್ಬರಿನ ವಿಷಯದಲ್ಲಿ ಮಾತ್ರ ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ. ಹಳೆಯ ಪೈಪುಗಳು ಒಳಗಿನಿಂದ ಮೆತ್ತಗಾಗಿ, ಹೀರುವಾಗ ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅವನ್ನು ಹೇಗೂ ಬದಲಿಸಬೇಕು, ಬಿರುಕು ಬಿಟ್ಟರೆ ಬೆಂಕಿಯ ಅಪಾಯವೂ ಇದೆ.

ಆದರೆ ಲಕ್ಷಣ ನೋಡಿ. ಏರ್ ಲಾಕ್ ಆಗುವುದಾದರೆ ಏರು ಹತ್ತುವಾಗ, ಪೆಟ್ರೋಲ್ ಹೆಚ್ಚು ಬೇಕಾದಾಗ ಆಗಬೇಕು. ಇಲ್ಲವೇ ಬಿಸಿ ಎಂಜಿನ್ ನಿಲ್ಲಿಸಿ ಚಹಾ ಕುಡಿದು ಬಂದಾಗ ಚಾಲೂ ಆಗಲು ಹಠ ಮಾಡಬೇಕು. ಇಲ್ಲಿ ಎರಡೂ ಇಲ್ಲ. ಕಾಲು ತೆಗೆದಾಗ ಆರುತ್ತದೆ ಎಂಬ ಮಾತೇ ಈ ಇಡೀ ಚರ್ಚೆಯ ತಿರುಳು. ಮನೆಯವರ ಗಮನಿಕೆ ಗ್ಯಾರೇಜಿನವರಿಗಿಂತ ಚೆನ್ನಾಗಿದೆ.

ಹೊಸಗಾಡಿ_ಹಳೆಮನೆ
ನನ್ನ ಎಂಪಿಎಫ್‌ಐ (ಕಾರ್ಬ್ಯುರೇಟರ್ ಇಲ್ಲದ, ಎಲೆಕ್ಟ್ರಾನಿಕ್ ಇಂಧನ ವ್ಯವಸ್ಥೆಯ) ಕಾರೂ ಹೀಗೆಯೇ ಬಿಸಿಯಾದಾಗ ಆರುತ್ತಿತ್ತು. ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಬದಲಿಸಿದ ಮೇಲೆ ಸರಿಯಾಯಿತು. ತಾವೂ ಅದನ್ನೇ ಪರೀಕ್ಷಿಸಿ.

ತುಕ್ಕು
ಮಾರ್ಕ್ 4ರಲ್ಲಿ ಸೆನ್ಸರ್ ಎಂಬ ಜಾತಿಯೇ ಇಲ್ಲ ಸ್ವಾಮಿ. ಅಲ್ಲಿ ಸೆನ್ಸರ್ ಮಾಡುವ ಕೆಲಸವನ್ನು ಎರಡು ಪಾಯಿಂಟುಗಳು ತೆರೆದು ಮುಚ್ಚಿ ಮಾಡುತ್ತವೆ. ಆದರೆ ನಿಮ್ಮ ಅನುಭವದಿಂದ ಒಂದು ವಿಷಯ ತಿಳಿಯುತ್ತದೆ: ಬಿಸಿಗೆ ಒಳಗಿನ ತಂತಿ ಬಿಟ್ಟುಕೊಳ್ಳುವುದು, ತಣ್ಣಗಾದಾಗ ಮತ್ತೆ ತಾಗುವುದು ಎರಡೂ ಕಾಲದ ಗಾಡಿಗಳಿಗೆ ಸಾಮಾನ್ಯ.

ನಿವೃತ್ತ_ಚಾಲಕ
ನಾನು ಸರ್ಕಾರಿ ಇಲಾಖೆಯೊಂದರಲ್ಲಿ ಅಂಬಾಸಿಡರ್ ಓಡಿಸಿ ನಿವೃತ್ತನಾದವನು. ಹೊಸ ಕಾಯಿಲ್ ಹಾಕಿಸಿದ್ದೀರಿ ಎಂದಿರಿ, ಅದರ ಓಮ್ ಅಳೆದು ನೋಡಿದ್ದೀರಾ? ಕಾಯಿಲ್ಲುಗಳಲ್ಲಿ ಎರಡು ಬಗೆ. ನೇರವಾಗಿ 12 ವೋಲ್ಟಿಗೆ ಕೂರುವ ಕಾಯಿಲ್ಲಿನ ಎರಡು ಚಿಕ್ಕ ಟರ್ಮಿನಲ್ಲುಗಳ ನಡುವೆ ಸುಮಾರು 3 ಓಮ್ ಇರುತ್ತದೆ. ಹೊರಗಿನಿಂದ ರೆಸಿಸ್ಟರ್ ಬೇಕಾಗುವ ಬಗೆಯದಕ್ಕೆ ಒಂದೂವರೆ ಓಮಿನ ಆಸುಪಾಸು. ಎರಡನೆಯದನ್ನು ರೆಸಿಸ್ಟರ್ ಇಲ್ಲದೆ ನಿಮ್ಮ ಗಾಡಿಗೆ ಹಾಕಿದರೆ ದುಪ್ಪಟ್ಟು ಕರೆಂಟ್ ಹರಿದು ಕಾಯಿಲ್ ಮುಟ್ಟಲಾರದಷ್ಟು ಕಾಯುತ್ತದೆ, ಪಾಯಿಂಟೂ ಸುಡುತ್ತದೆ. ಅಂಗಡಿಯವನು ಕೊಟ್ಟದ್ದನ್ನು ಹಾಗೇ ಹಾಕಿ ಬಿಡುವುದು ಈಗ ವಾಡಿಕೆಯಾಗಿದೆ.

ಕೀಲಿಯನ್ನೂ ನೋಡಿ. ಮನೆಯ ಬೀಗದ ಕೈ, ಬೀರುವಿನದು, ದೇವರ ಬಿಲ್ಲೆ ಎಲ್ಲವನ್ನೂ ಒಂದೇ ಗೊಂಚಲಿನಲ್ಲಿ ನೇತುಹಾಕಿದರೆ ಸ್ವಿಚ್ಚಿನ ಒಳಭಾಗ ಸವೆದು, ಗುಂಡಿಗೆ ಇಳಿದಾಗಲೆಲ್ಲ ಕರೆಂಟ್ ತಪ್ಪುತ್ತದೆ.

ಅಂಬಿ_ಹಾಸನ
ಓಮ್ ಅಳೆದೆ, 3.1 ಬಂತು. ಕೀಲಿ ಒಂಟಿಯಾಗಿಯೇ ಇದೆ. ಅಲುಗಾಡಿಸಿ ನೋಡಿದರೂ ಎಂಜಿನ್ ಆರಲಿಲ್ಲ.

ಕೊವೆಂಟ್ರಿ_ಕನ್ನಡಿಗ
ಇಂಗ್ಲೆಂಡಿನಿಂದ ಬರೆಯುತ್ತಿದ್ದೇನೆ. ಅಂಬಾಸಿಡರ್ ಹುಟ್ಟಿದ್ದು ಇಲ್ಲಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3ರಿಂದ ಎಂಬುದು ಇಲ್ಲಿ ಹಲವರಿಗೆ ತಿಳಿದಿರಬಹುದು. ಅದರ ಬಿ ಸೀರೀಸ್ ಎಂಜಿನ್ನೇ ಎಂಜಿಎ ಎಂಬ ಕ್ರೀಡಾ ಕಾರಿನಲ್ಲೂ ಇತ್ತು, ಮೊದಲಿಗೆ ಇದೇ 1489 ಸಿಸಿಯಲ್ಲಿ. ಅದರ ಮುಂದಿನ ಪೀಳಿಗೆಯಾದ ಎಂಜಿಬಿಯಲ್ಲಿ 1798 ಸಿಸಿಗೆ ಹಿಗ್ಗಿಸಿದರು. ನನ್ನ ಬಳಿ ಎಂಜಿಬಿ ಇದೆ. ಅಂಬಿ_ಹಾಸನ ಅವರು ವಿವರಿಸಿದ ಲಕ್ಷಣವನ್ನು ಈ ಡಿಸ್ಟ್ರಿಬ್ಯೂಟರ್ ಬಲ್ಲವರು ಕೇಳಿದ ಕೂಡಲೇ ಗುರುತಿಸುತ್ತಾರೆ.

ಡಿಸ್ಟ್ರಿಬ್ಯೂಟರಿನ ಪಕ್ಕದಲ್ಲಿ ತಟ್ಟೆಯಂಥ ಒಂದು ಡಬ್ಬಿ ಇದ್ದು, ಅದಕ್ಕೆ ಕಾರ್ಬ್ಯುರೇಟರಿನಿಂದ ಸಣ್ಣ ಪೈಪು ಬಂದಿರುತ್ತದೆ, ಅಲ್ಲವೇ? ಅದು ವ್ಯಾಕ್ಯೂಮ್ ಅಡ್ವಾನ್ಸ್, ನಿರ್ವಾತದ ಬಲದಿಂದ ಕಿಡಿಯನ್ನು ತುಸು ಮುಂಚೆ ಹೊಡೆಸುವ ಸಾಧನ. ಆಕ್ಸಿಲರೇಟರನ್ನು ಹಗುರವಾಗಿ ಒತ್ತಿಹಿಡಿದು ಸಮತಟ್ಟಿನಲ್ಲಿ ಓಡುವಾಗ ನಿರ್ವಾತ ಹೆಚ್ಚಿದ್ದು, ಪಾಯಿಂಟ್ ಕೂತಿರುವ ತಟ್ಟೆಯನ್ನು ಕೆಲವು ಡಿಗ್ರಿ ತಿರುಗಿಸುತ್ತದೆ. ಕಾಲು ತೆಗೆದರೆ ತಟ್ಟೆ ವಾಪಸು ಬರುತ್ತದೆ. ಪೂರ್ತಿ ಒತ್ತಿ ಏರು ಹತ್ತುವಾಗ ನಿರ್ವಾತ ಇರುವುದೇ ಇಲ್ಲ, ತಟ್ಟೆ ಇದ್ದಲ್ಲೇ ಇರುತ್ತದೆ. ತಟ್ಟೆ ತಿರುಗಿದಾಗಲೆಲ್ಲ ಅದರ ಜೊತೆ ಎರಡು ಚಿಕ್ಕ ತಂತಿಗಳೂ ಬಾಗುತ್ತವೆ: ಹೊರಗಿನ ಟರ್ಮಿನಲ್ಲಿನಿಂದ ಪಾಯಿಂಟಿಗೆ ಬರುವ ತಂತಿ ಒಂದು, ತಟ್ಟೆಯನ್ನು ಡಿಸ್ಟ್ರಿಬ್ಯೂಟರಿನ ಮೈಗೆ ಜೋಡಿಸುವ ಅರ್ಥ್ ತಂತಿ ಇನ್ನೊಂದು. ಮೂವತ್ತು ನಲವತ್ತು ವರ್ಷ ಹೀಗೆ ಬಾಗಿ ಬಾಗಿ ಒಳಗಿನ ತಾಮ್ರದ ಎಳೆಗಳು ತುಂಡಾಗುತ್ತವೆ. ಮೇಲಿನ ಹೊದಿಕೆ ಮಾತ್ರ ಸರಿಯಾಗಿಯೇ ಇದ್ದು, ತುಂಡಾದ ತುದಿಗಳನ್ನು ಒಂದಕ್ಕೊಂದು ತಾಗಿಸಿ ಹಿಡಿದಿರುತ್ತದೆ. ಬಿಸಿಯಾದಾಗ ಹೊದಿಕೆ ಮೆತ್ತಗಾಗಿ ಹಿಡಿತ ಸಡಿಲವಾಗುತ್ತದೆ. ಕಣ್ಣಿಗೆ ಮಾತ್ರ ಏನೂ ಕಾಣುವುದಿಲ್ಲ. ಪಾಯಿಂಟ್, ಕಂಡೆನ್ಸರ್ ಬದಲಿಸುವ ಮೆಕ್ಯಾನಿಕ್ ಇದೇ ತಂತಿಯನ್ನು ಮತ್ತೆ ಹೊಸ ಪಾಯಿಂಟಿಗೆ ಸಿಕ್ಕಿಸಿ ಕಳುಹಿಸುತ್ತಾನೆ.

ಕರಾವಳಿಗ
ವಿವರಣೆ ಸೊಗಸಾಗಿದೆ, ಆದರೆ ಇದೂ ಊಹೆಯೇ ಅಲ್ಲವೇ? ನನ್ನ ಏರ್ ಲಾಕಿಗೆ ಪುರಾವೆ ಕೇಳಿದವರು ಇದಕ್ಕೂ ಕೇಳಬೇಕು.

ಗ್ರೀಸುಕೈ
ನ್ಯಾಯವಾದ ಮಾತು, ಪುರಾವೆಯನ್ನೇ ಹುಡುಕೋಣ.

ಪಾನಾ_13
ಪುರಾವೆಗೆ ಸುಲಭ ದಾರಿ ಇದೆ. ಕಾಯಿಲ್ಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಟರ್ಮಿನಲ್ಲಿನಿಂದ ಒಂದು ಉದ್ದದ ವೈರನ್ನು ಕಾರಿನೊಳಗೆ ತಂದು, ಚಿಕ್ಕ ಬಲ್ಬ್ ಕಟ್ಟಿ ಇನ್ನೊಂದು ತುದಿಯನ್ನು ಗಾಡಿಯ ಲೋಹದ ಮೈಗೆ ಅರ್ಥ್ ಮಾಡಿ. ಎಂಜಿನ್ ಓಡುವಾಗ ಬಲ್ಬ್ ಮಿನುಗುತ್ತಿರುತ್ತದೆ, ಆರಿದಾಗ ಏನಾಗುತ್ತದೆಂದು ಕೂತಲ್ಲೇ ನೋಡಬಹುದು.

ಗ್ರೀಸುಕೈ
ಬಲ್ಬನ್ನು ಹಾಕಿಕೊಂಡೇ ಓಡಿಸಬೇಡಿ. ಪಾಯಿಂಟ್ ತೆರೆದ ಕ್ಷಣದಲ್ಲಿ ಆ ಟರ್ಮಿನಲ್ಲಿನಲ್ಲಿ 12 ವೋಲ್ಟ್ ಅಲ್ಲ, ನೂರಾರು ವೋಲ್ಟಿನ ಏಟು ಏಳುತ್ತದೆ, ಕಿಡಿ ಹುಟ್ಟುವುದು ಅದರಿಂದಲೇ. ಬಲ್ಬ್ ಆ ಏಟನ್ನು ನುಂಗಿದರೆ ಕಿಡಿ ದುರ್ಬಲವಾಗಿ, ಇಲ್ಲದ ಇನ್ನೊಂದು ದೋಷವನ್ನು ನಾವೇ ಹುಟ್ಟಿಸಿದಂತಾಗುತ್ತದೆ. ನಿಂತ ಗಾಡಿಯಲ್ಲಿ ಸೆಲ್ಫ್ ಹೊಡೆದು ನೋಡಲು ಬಲ್ಬ್ ಸಾಕು. ಓಡುವಾಗ ಡಿಜಿಟಲ್ ಮಲ್ಟಿಮೀಟರೇ ಬೇಕು. ಅದನ್ನು 600 ವೋಲ್ಟ್ ಅಥವಾ ಅದಕ್ಕಿಂತ ಮೇಲಿನ ಡಿಸಿ ರೇಂಜಿನಲ್ಲಿ ಇಡಿ, ವೈರಿನ ಜೋಡಣೆಗಳಿಗೆ ಟೇಪ್ ಸುತ್ತಿ. ಮೀಟರನ್ನು ನೋಡುವವರು ಪಕ್ಕದಲ್ಲಿ ಕೂತವರೇ ಹೊರತು ಚಾಲಕರಲ್ಲ.

ನಾಲ್ಕು ಸಿಲಿಂಡರಿನ ಈ ಡಿಸ್ಟ್ರಿಬ್ಯೂಟರಿನಲ್ಲಿ ಪ್ರತಿ 90 ಡಿಗ್ರಿಯಲ್ಲಿ ಸುಮಾರು 60 ಡಿಗ್ರಿ ಪಾಯಿಂಟ್ ಮುಚ್ಚಿರುತ್ತದೆ. ಆದ್ದರಿಂದ ಚೆನ್ನಾಗಿ ಓಡುವಾಗ ಮೀಟರ್ ಸರಾಸರಿ ನಾಲ್ಕೈದು ವೋಲ್ಟಿನ ಆಸುಪಾಸು ತೋರಿಸುತ್ತದೆ. ಎಂಜಿನ್ ಆರಿದ ಕೂಡಲೇ ಕ್ಲಚ್ ಒತ್ತಬೇಡಿ; ಗಾಡಿ ಗೇರಿನಲ್ಲೇ ಉರುಳುತ್ತಿರಲಿ, ಎಂಜಿನ್ ತಿರುಗುತ್ತಿರಲಿ. ಆಗ ಮೀಟರಿನಲ್ಲಿ 12 ವೋಲ್ಟ್ ಗಟ್ಟಿಯಾಗಿ ನಿಂತರೆ ಕಾಯಿಲ್ಲಿನವರೆಗೆ ಕರೆಂಟ್ ಬಂದಿದೆ, ಅಲ್ಲಿಂದ ಅರ್ಥಿಗೆ ಹೋಗುವ ದಾರಿ ಕಡಿದಿದೆ ಎಂದರ್ಥ. ಸೊನ್ನೆ ಬಂದರೆ ಕೀಲಿಯಿಂದಲೇ ಕರೆಂಟ್ ಬರುತ್ತಿಲ್ಲ, ಅಥವಾ ಆ ಟರ್ಮಿನಲ್ ಎಲ್ಲೋ ಗಾಡಿಯ ಮೈಗೆ ತಾಗಿದೆ. ಹಿಂದಿನಂತೆ ನಾಲ್ಕೈದೇ ತೋರಿಸುತ್ತಿದ್ದರೆ ಪಾಯಿಂಟಿನ ಕಡೆ ತೊಂದರೆಯಿಲ್ಲ; ರೋಟರ್ (ಡಿಸ್ಟ್ರಿಬ್ಯೂಟರಿನೊಳಗೆ ತಿರುಗುತ್ತಾ ಕಿಡಿ ಹಂಚುವ ಭಾಗ), ಕಾಯಿಲ್ಲಿನ ಹೈಟೆನ್ಷನ್ (ಹೆಚ್ಚಿನ ವೋಲ್ಟಿನ) ಭಾಗ ಅಥವಾ ಪೆಟ್ರೋಲ್ ಕಡೆಗೆ ತಿರುಗಬೇಕು, ಕರಾವಳಿಗ ಅವರಿಗೂ ಆಗ ಅವಕಾಶ ಸಿಗುತ್ತದೆ.

ಪೆಟ್ರೋಲ್ ನೋಡುವುದಾದರೆ ಕಾಯಿಲ್ಲಿನ ದಪ್ಪ ವೈರನ್ನು ಕಿತ್ತು ಗಾಡಿಯ ಮೈಗೆ ಅರ್ಥ್ ಮಾಡಿ, ಆಮೇಲೆ ಕಾರ್ಬ್ಯುರೇಟರಿನ ಪೈಪನ್ನು ಬಾಟಲಿಗೆ ಹಿಡಿದು ಸೆಲ್ಫ್ ಹೊಡೆಯಿರಿ. ಬಿಸಿ ಎಂಜಿನ್ನಿನ ಪಕ್ಕದಲ್ಲಿ ಪೆಟ್ರೋಲ್ ಚೆಲ್ಲುವ ಕೆಲಸ, ಒಬ್ಬರೇ ಇರುವಾಗ ಮಾಡಬಾರದು.

ಬೆಂಗಳೂರು_ದಕ್ಷಿಣ
ಇಷ್ಟೆಲ್ಲ ತಾಪತ್ರಯ ಏಕೆ? ಪಾಯಿಂಟ್, ಕಂಡೆನ್ಸರ್ ಕಿತ್ತುಹಾಕಿ ಎಲೆಕ್ಟ್ರಾನಿಕ್ ಕಿಟ್ ಕೂರಿಸಿದರೆ ಒಂದೇ ದಿನದಲ್ಲಿ ಮುಗಿಯಿತು.

ನಿವೃತ್ತ_ಚಾಲಕ
ಕಿಟ್ ಕೂರಿಸಬಹುದು, ಆದರೆ ಅದು ಕೈಕೊಟ್ಟರೆ ಘಟ್ಟದ ಮಧ್ಯೆ ಯಾರೂ ಸರಿಮಾಡಲಾರರು. ಪಾಯಿಂಟಾದರೆ ಉಗುರು ಉಜ್ಜುವ ಅರ ಸಿಕ್ಕರೂ ಸಾಕು, ಊರು ಸೇರಬಹುದು. ಅದೂ ಅಲ್ಲದೆ, ತಟ್ಟೆಯ ಅರ್ಥ್ ತಂತಿ ಕಡಿದಿದ್ದರೆ ಆ ತಟ್ಟೆಯ ಮೂಲಕವೇ ಅರ್ಥ್ ಪಡೆಯುವ ಕಿಟ್ಟೂ ಹೀಗೆಯೇ ಆರುತ್ತದೆ. ರೋಗ ತಿಳಿಯದೆ ಅಂಗ ಬದಲಿಸಿ ಏನು ಪ್ರಯೋಜನ?

ಅಂಬಿ_ಹಾಸನ
ಮೀಟರ್ ಕಟ್ಟಿಕೊಂಡು ಹೋಗಿ ಬಂದೆವು. ಪತ್ನಿಯೇ ಓದುತ್ತಾ ಕೂತಿದ್ದರು. ಹೋಗುವಾಗ ಏನೂ ಆಗಲಿಲ್ಲ. ಬರುವಾಗ ಬಾಳ್ಳುಪೇಟೆ ದಾಟಿದ ಮೇಲೆ, ಕಾಲು ತೆಗೆದ ಕೂಡಲೇ ಆರಿತು. ಅದುವರೆಗೆ ನಾಲ್ಕು, ನಾಲ್ಕೂವರೆ ತೋರಿಸುತ್ತಿದ್ದ ಮೀಟರ್ 12.3ಕ್ಕೆ ಏರಿ ಅಲ್ಲೇ ನಿಂತಿತು. ಗೇರಿನಲ್ಲಿ ಉರುಳುತ್ತಿದ್ದಾಗ ಮತ್ತೆ ಆಕ್ಸಿಲರೇಟರ್ ಒತ್ತಿದೆ, ಒಂದು ಸಲ ತಾನೇ ಹಿಡಿದುಕೊಂಡು ಮತ್ತೆ ಬಿಟ್ಟಿತು. ಬದಿಗೆ ನಿಲ್ಲಿಸಿ, ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆದು, ಸೆಲ್ಫ್ ಹೊಡೆಯುತ್ತಾ ಪಾಯಿಂಟಿನ ತಂತಿಯನ್ನು ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಮೆಲ್ಲಗೆ ತಳ್ಳಿದಾಗ ಮೀಟರ್ ಕುಣಿಯತೊಡಗಿತು.

ಮನೆಗೆ ಬಂದು ಆ ತಂತಿಯನ್ನು ಬಿಚ್ಚಿ ಎರಡು ತುದಿ ಹಿಡಿದು ಎಳೆದರೆ, ಟರ್ಮಿನಲ್ಲಿನ ಹತ್ತಿರ ಹೊದಿಕೆ ರಬ್ಬರಿನಂತೆ ಹಿಗ್ಗಿತು. ಸೀಳಿ ನೋಡಿದೆ. ಒಳಗೆ ಎರಡೋ ಮೂರೋ ಎಳೆ ಬಿಟ್ಟರೆ ಉಳಿದವೆಲ್ಲ ತುಂಡಾಗಿ ಕಪ್ಪಾಗಿದ್ದವು. ಎಸಿ ಪಂಪ್ ಬೇಡವೆಂದು ಗ್ಯಾರೇಜಿಗೆ ಹೇಳಿದ್ದೇನೆ. ಈಗ ಈ ತಂತಿಯನ್ನು ಎಲ್ಲಿಂದ ತರಲಿ? ಮನೆಯಲ್ಲಿ ಸಾಧಾರಣ ಆಟೋ ವೈರ್ ಇದೆ, ಅದನ್ನೇ ಹಾಕಬಹುದೇ?

ಕೊವೆಂಟ್ರಿ_ಕನ್ನಡಿಗ
ಸಾಧಾರಣ ವೈರ್ ಬೇಡ. ಅದರಲ್ಲಿ ಎಳೆಗಳು ಕಡಿಮೆ, ದಪ್ಪವೂ ಹೆಚ್ಚು; ತಟ್ಟೆಯ ಚಲನೆಗೆ ಬೇಗನೆ ತುಂಡಾಗುತ್ತದೆ, ಇಲ್ಲವೇ ತನ್ನ ಬಿಗುವಿನಿಂದ ತಟ್ಟೆ ತಿರುಗುವುದನ್ನೇ ತಡೆಯುತ್ತದೆ. ಮೀಟರಿನ ಪ್ರೋಬಿಗೆ ಬಳಸುವಂಥ, ಕೂದಲಿನಷ್ಟು ಸಣ್ಣ ಎಳೆಗಳು ನೂರಾರು ಇರುವ ಸಿಲಿಕೋನ್ ಹೊದಿಕೆಯ ತಂತಿ ಬೇಕು. ಅರ್ಥ್ ತಂತಿಯನ್ನೂ ಜೊತೆಗೇ ಬದಲಿಸಿ, ಎರಡಕ್ಕೂ ಒಂದೇ ವಯಸ್ಸು.

ಪಾನಾ_13
ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹಳೆಯ ಗಾಡಿಗಳ ಬಿಡಿಭಾಗ ಇಡುವವರಲ್ಲಿ ಡಿಸ್ಟ್ರಿಬ್ಯೂಟರಿನ ತಂತಿ ಟರ್ಮಿನಲ್ ಸಮೇತ ಕೇಳಿ ನೋಡಿ. ಸಿಗದಿದ್ದರೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಲಿಕೋನ್ ತಂತಿ ಸಿಗುತ್ತದೆ.

ಗ್ರೀಸುಕೈ
ತುದಿಗಳನ್ನು ಬೆಸುಗೆ ಹಾಕುವ ಬದಲು ಒತ್ತಿ ಕೂರಿಸಿ. ಸೀಸ ತಂತಿಯೊಳಗೆ ಹರಿದಷ್ಟು ದೂರ ಅದು ಬಾಗುವುದಿಲ್ಲ, ಆ ಅಂಚಿನಲ್ಲೇ ಮತ್ತೆ ತುಂಡಾಗುತ್ತದೆ. ತಟ್ಟೆ ಪೂರ್ತಿ ತಿರುಗಿದಾಗಲೂ ಎಳೆದಂತಾಗದಷ್ಟು ಸಡಿಲ ಬಿಡಿ, ಆದರೆ ತಿರುಗುವ ಕ್ಯಾಮಿಗೆ ತಾಗಬಾರದು. ಹಾಕಿದ ಮೇಲೆ ಪಾಯಿಂಟ್ ಗ್ಯಾಪನ್ನು 0.35ರಿಂದ 0.40 ಮಿ.ಮೀ. ಒಳಗೆ ಇಟ್ಟು, ವ್ಯಾಕ್ಯೂಮ್ ಪೈಪನ್ನು ಕಾರ್ಬ್ಯುರೇಟರಿನ ಕಡೆಯಿಂದ ಬಿಚ್ಚಿ ಬಾಯಿಂದ ಹೀರಿ. ತಟ್ಟೆ ತಿರುಗುವುದು ಕಣ್ಣಿಗೇ ಕಾಣುತ್ತದೆ. ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ ಇಟ್ಟು, ಕೀಲಿ ಬಂದ್ ಮಾಡಿ, ಕಾಯಿಲ್ಲಿನ ಕಡೆಯ ವೈರ್ ಬಿಚ್ಚಿದ ಡಿಸ್ಟ್ರಿಬ್ಯೂಟರ್ ಟರ್ಮಿನಲ್ಲಿನಿಂದ ಗಾಡಿಯ ಮೈಗೆ ಓಮ್ ಅಳೆಯಿರಿ. ಹೀರಿದಾಗಲೂ ಬಿಟ್ಟಾಗಲೂ ಸೊನ್ನೆಯ ಹತ್ತಿರವೇ ಇರಬೇಕು. ಹೀರಿದರೂ ತಟ್ಟೆ ಅಲುಗದಿದ್ದರೆ ಡಬ್ಬಿಯ ಡಯಾಫ್ರಂ ಹರಿದಿರಬಹುದು.

ಕರಾವಳಿಗ
ಈ ಸಲ ಒಪ್ಪಿದೆ. ಆದರೂ ಪೆಟ್ರೋಲ್ ಪೈಪುಗಳನ್ನು ಒಮ್ಮೆ ಹಿಸುಕಿ ನೋಡಿ, ಬೇಸಿಗೆ ಬರುತ್ತಿದೆ.

ಅಂಬಿ_ಹಾಸನ
ಎರಡೂ ತಂತಿ ಬದಲಿಸಿ, ಪೈಪು ಹೀರಿ ನೋಡಿದ್ದಾಯಿತು. ತಟ್ಟೆ ತಿರುಗುತ್ತದೆ, ಓಮ್ ಅಲುಗಲಿಲ್ಲ. ಬಿಸಿ ಎಂಜಿನ್ನಿನಲ್ಲೂ ಮತ್ತೊಮ್ಮೆ ಅಳೆದೆ, ಹಾಗೆಯೇ ಇತ್ತು. ಕರಾವಳಿಗ ಅವರ ಮಾತಿನಂತೆ ಹಿಸುಕಿದಾಗ ಟ್ಯಾಂಕಿನ ಕಡೆಯ ಪೈಪು ಒಳಗೆ ಅಂಟಂಟಾಗಿತ್ತು, ಅದನ್ನೂ ಇಥನಾಲ್ ತಾಳುವ ಬಗೆಯದಕ್ಕೆ ಬದಲಿಸಿದೆ. ಕಳಚಿಟ್ಟ ಹಳೆಯ ಕಾಯಿಲ್ ಮತ್ತು ಕಂಡೆನ್ಸರ್ ಇನ್ನೂ ಗ್ಯಾರೇಜಿನಲ್ಲೇ ಇವೆ. ಏನು ಮಾಡಲಿ?

ನಿವೃತ್ತ_ಚಾಲಕ
ಇಂದೇ ಹೋಗಿ ಕೇಳಿ ತಂದುಬಿಡಿ. ಕಾಯಿಲ್ಲಿನ ಓಮ್ ಸರಿಯಿದ್ದರೆ ಎರಡನ್ನೂ ಡಿಕ್ಕಿಯಲ್ಲಿ ಇಟ್ಟುಕೊಳ್ಳಿ. ಈಗ ಅಂಗಡಿಯಲ್ಲಿ ಸಿಗುವ ಹೊಸ ಕಂಡೆನ್ಸರಿಗಿಂತ ಹಳೆಯದನ್ನೇ ನಾನು ಹೆಚ್ಚು ನಂಬುತ್ತೇನೆ.